ಮುಖ ತೊಳೆಯಲು ಇಪ್ಪತ್ತೊಂದು ದಿನ

ಪ್ರದೀಪನನ್ನು ನೀವು ನೋಡಿರಬಹುದು. ಸದಾಶಿವಗಡದಿಂದ ಬೆಳಿಗ್ಗೆ ಗೋವಾ ಕಡೆಗೆ ಹೊರಡುವ ಮೀನಿನ ಟೆಂಪೊಗಳಲ್ಲಿ ಒಂದನ್ನು ಅವನು ಓಡಿಸುತ್ತಾನೆ. ಕೊರೊನಾ ಹೋಗಿ ಇಷ್ಟು ಕಾಲವಾದರೂ ಮೂಗಿನ ಮೇಲಿನ ಮಾಸ್ಕು ತೆಗೆಯದ ಆ ಹುಡುಗ ಯಾರು ಎಂದು ಚಹದಂಗಡಿಯಲ್ಲಿ ಯಾರಾದರೂ ಕೇಳಿದರೆ, ಅವನೇ. ವಯಸ್ಸು ಇಪ್ಪತ್ತೊಂದು. ಊರು ಅಂಕೋಲೆಯ ಹತ್ತಿರದ ಶೆಟಗೇರಿ. ಸಾವಿರದ ಆರುನೂರು ಮೀಟರನ್ನು ಐದು ನಿಮಿಷ ಹತ್ತು ಸೆಕೆಂಡಿನಲ್ಲಿ ಓಡಿದ ಕಾಲು ಅವನದು. ಈಗ ಆ ಕಾಲಿಗೆ ಕ್ಲಚ್ಚು ಒತ್ತುವ ಕೆಲಸ. ಅವನ ಕಥೆ ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಹೇಳುವ ಹೊಣೆ ಮಾತ್ರ ನನ್ನದೇ.

ನಾನು ಹರಿಶ್ಚಂದ್ರ. ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು ಹವಾಲ್ದಾರನಾಗಿ ಊರಿಗೆ ಬಂದವನು. ಪಿಂಚಣಿ ತಿಂದು ಜಗಲಿಯ ಮೇಲೆ ಕೂತರೆ ಹೊಟ್ಟೆ ಬರುತ್ತದೆಂದು ಊರಿನ ಹುಡುಗರನ್ನು ಕೇಣಿಯ ಕಡಲ ದಂಡೆಗೆ ಕರೆದುಕೊಂಡು ಹೋಗಿ ಓಡಿಸುತ್ತಿದ್ದೆ. ಮೊದಲು ಬರುತ್ತಿದ್ದವರು ಹನ್ನೊಂದು ಜನ. ನನ್ನ ಬಾಯಿಗೆ ಹೆದರಿ ಆರು ಜನ ಬಿಟ್ಟರು. ನನ್ನ ಬಾಯಿ ಒಳ್ಳೆಯದಲ್ಲ ಎಂದು ನನ್ನ ಹೆಂಡತಿಯೇ ಸರ್ಟಿಫಿಕೇಟು ಕೊಟ್ಟಿದ್ದಾಳೆ. ಉಳಿದ ಐವರಲ್ಲಿ ನಿಜವಾದ ಸಿಪಾಯಿ ಒಬ್ಬನೇ ಇದ್ದ, ಪ್ರದೀಪ. ಬೈದರೆ ನಗುತ್ತಿದ್ದ, ಇನ್ನೊಂದು ಸುತ್ತು ಎಂದರೆ ಎರಡು ಸುತ್ತು ಓಡುತ್ತಿದ್ದ.

ಅವನ ಅಪ್ಪ ಮಾದು ಚಿರೆಕಲ್ಲಿನ ಕ್ವಾರಿಗೆ ಹೋಗುವವನು. ದಿನವಿಡೀ ಕಲ್ಲು ಕೊಯ್ಯುವ ಯಂತ್ರದ ಪಕ್ಕ ನಿಂತು ಕಿವಿ ಮಂದವಾಗಿತ್ತು, ಮಾತೂ ಕಡಿಮೆಯಾಗಿತ್ತು. ಅವ್ವ ದೇವಿ ಗದ್ದೆ ಅಂಚಿನಲ್ಲಿ ಬದನೆ, ಹರಿವೆ ಬೆಳೆದು ಅಂಕೋಲೆ ಪೇಟೆಯಲ್ಲಿ ಕೂತು ಮಾರುತ್ತಾಳೆ. ನನ್ನನ್ನು ಅವಳು ಅಣ್ಣ ಎನ್ನುತ್ತಾಳೆ, ರಕ್ತಸಂಬಂಧವಿಲ್ಲ, ಊರಿನ ಸಂಬಂಧ. ಹಾಗಾಗಿ ಪ್ರದೀಪನಿಗೆ ನಾನು ಮಾಮ. ಮನೆಯಲ್ಲಿ ಒಬ್ಬನೇ ಮಗ. ಅವನಿಗೆ ಬೇಕಾಗಿದ್ದೂ ಒಂದೇ, ಸೈನ್ಯದ ಬಟ್ಟೆ. ಬೇರೆ ಯಾವುದಾದರೂ ಕೆಲಸ ನೋಡು ಎಂದು ಯಾರಾದರೂ ಹೇಳಿದರೆ ಕೇಳಿಸದವನ ಹಾಗೆ ಇದ್ದುಬಿಡುತ್ತಿದ್ದ.

ಅವನಿಗೆ ಒಂಬತ್ತನೆಯ ಇಯತ್ತೆಯಿಂದ ಮೊಡವೆ. ಎಲ್ಲರಿಗೂ ಬರುವ ಹಾಗೆ ನಾಲ್ಕು ಬಂದು ಹೋಗುವುದಲ್ಲ. ಕೆನ್ನೆ, ಹಣೆ, ಗದ್ದ, ಎಲ್ಲೆಲ್ಲೂ ಕೆಂಪಗೆ ಗಂಟುಗಂಟಾಗಿ ಏಳುವುದು, ಒಡೆಯುವುದು, ಕಪ್ಪು ಕಲೆಯಾಗಿ ಕೂರುವುದು. ಬೆನ್ನಿಗೂ ಭುಜಕ್ಕೂ ಹಬ್ಬಿತ್ತು, ಆದರೆ ಬೆನ್ನು ಅಂಗಿಯೊಳಗಿರುತ್ತದೆ, ಮುಖಕ್ಕೆ ಅಂಗಿ ಇಲ್ಲವಲ್ಲ. ಶಾಲೆಯಲ್ಲಿ ಅವನನ್ನು ಹಾಗಲಕಾಯಿ ಎಂದು ಕರೆಯುತ್ತಿದ್ದರು. ಕಾಲೇಜಿಗೆ ಹೋದಾಗ ಹೆಸರೂ ಅವನ ಜೊತೆಗೇ ಬಸ್ಸು ಹತ್ತಿತು. ದೇವಿ ಅರಿಶಿನ ಹಚ್ಚಿದಳು, ಬೇವು ಅರೆದು ಹಚ್ಚಿದಳು, ಯಾರೋ ಹೇಳಿದರೆಂದು ಟೂತ್‌ಪೇಸ್ಟನ್ನೂ ಹಚ್ಚಿದಳು. ನಾನೂ ಕಡಿಮೆಯವನಲ್ಲ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ದಿನಗಳಲ್ಲಿ, ನಿನ್ನ ಮುಖಕ್ಕೂ ಒಂದು ಕೋಟು ಡಾಂಬರು ಹಾಕಿಸೋಣವೇ ಎಂದು ಎಲ್ಲರೆದುರು ಕೇಳಿದ್ದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಅವನು ನಕ್ಕನೆಂದು ನಾನು ಸಮಾಧಾನಪಟ್ಟುಕೊಂಡೆ.

ಕಳೆದ ವರ್ಷ ಮೇ ತಿಂಗಳ ಮೊದಲ ವಾರ ಕಾರವಾರದಲ್ಲಿ ಸೈನ್ಯದ ಭರ್ತಿ ಮೇಳ ನಡೆಯಿತು. ಪರೀಕ್ಷೆ ಮೊದಲೇ ಪಾಸಾಗಿದ್ದ. ಓಟದಲ್ಲಿ ಅವನ ಗುಂಪಿಗೆ ಅವನೇ ಎರಡನೆಯವನು. ಎತ್ತರ, ಎದೆ, ತೂಕ ಎಲ್ಲ ಸರಿ. ಉಳಿದದ್ದು ವೈದ್ಯಕೀಯ ತಪಾಸಣೆ. ಅವನಿಗೆ ಆಗಸ್ಟಿನಲ್ಲಿ ಇಪ್ಪತ್ತೊಂದು ತುಂಬುವುದಿತ್ತು, ಅಂದರೆ ಮುಂದಿನ ವರ್ಷದ ಭರ್ತಿಗೆ ವಯಸ್ಸು ದಾಟುತ್ತದೆ. ಇದೇ ಮೊದಲು, ಇದೇ ಕೊನೆ. ನಾನು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆ. ಮಧ್ಯಾಹ್ನ ಎರಡಕ್ಕೆ ಅವನು ಹೊರಗೆ ಬಂದ. ಕೈಯಲ್ಲೊಂದು ಚೀಟಿ.

"ಎಂತಾ ಬರ್ದಾರೆ ನೋಡಿ ಮಾಮಾ. ಒಳಗೆ ಹಿಂದಿಲಿ ಹೇಳ್ದ್ರು, ಗಡಿಬಿಡಿಲಿ ನಂಗೆ ತಿಳಿಲಿಲ್ಲಾ."

ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಮುದ್ರೆ ಹೊಡೆದಿತ್ತು, ತಾತ್ಕಾಲಿಕ ಅನರ್ಹ ಎಂದು. ಅದರ ಕೆಳಗೆ ಡಾಕ್ಟರರ ಗೀಚು ಬರಹ, ಹುಡುಗನಿಗೆ ಬಿಡಿಸಲು ಬಾರದ್ದು. ಮೊಡವೆ ಎನ್ನುವ ಶಬ್ದ ಕಂಡಿತು. ಅಲ್ಲಿಗೆ ನನಗೆ ಸಾಕಾಯಿತು. ಹುಡುಗನ ಮುಖ ಎದುರಿಗೇ ಇತ್ತಲ್ಲ.

"ಮೊಡವೆ ಮಾರಾಯಾ. ಬೇರೆ ಎಂತದೂ ಇಲ್ಲಾ. ಇಪ್ಪತ್ತೊಂದು ದಿನದೊಳಗೆ ಬೆಳಗಾವಿಗೆ ಹೋಗಿ ಮತ್ತೆ ತೋರ್ಸಬೇಕು. ಅಷ್ಟ್ರೊಳಗೆ ಮುಖ ಚೊಕ್ಕ ಮಾಡ್ಕಾ."

"ಏಳು ವರ್ಷದ್ದು ಇಪ್ಪತ್ತೊಂದು ದಿನದಾಗೆ ಹೋಗ್ತದ್ಯಾ?"

"ಹೆಂಗಾದ್ರೂ ಮಾಡು. ಓಟ ಗೆದ್ದವ ಮೊಡವೆ ಹತ್ರ ಸೋಲ್ತ್ಯಾ?"

ಆ ಮಾತು ನನ್ನದು. ಒಳ್ಳೆಯ ಉಸ್ತಾದನ ಮಾತು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಅಂಕೋಲೆಯ ಡಾಕ್ಟರರೊಬ್ಬರಿಗೆ ತೋರಿಸಿದ. ಅವರು ಒಂದು ಮುಲಾಮು, ಒಂದಿಷ್ಟು ಗುಳಿಗೆ ಬರೆದುಕೊಟ್ಟು, ತಾಳ್ಮೆಯಿಂದ ಮೂರು ತಿಂಗಳು ಹಚ್ಚು, ನಿಧಾನವಾಗಿ ಇಳಿಯುತ್ತದೆ ಎಂದರು. ಮೂರು ತಿಂಗಳು! ಗುಳಿಗೆ ತಿಂದ, ಆದರೆ ಮುಲಾಮಿನ ಮೇಲೆ ಅವನಿಗೆ ನಂಬಿಕೆ ಹುಟ್ಟಲಿಲ್ಲ. ಎರಡು ದಿನ ಮುಖಕ್ಕೆ ಹಚ್ಚಿ ಮೂಲೆಗೆ ಎಸೆದ. ದುಡ್ಡು ಕೊಟ್ಟು ತಂದದ್ದು ಹಾಳಾಗಬಾರದೆಂದು ದೇವಿ ಅದನ್ನು ಎತ್ತಿಟ್ಟುಕೊಂಡು ದಿನಾ ಮಲಗುವ ಮೊದಲು ಅವನ ಬೆನ್ನಿಗೆ ತಿಕ್ಕುತ್ತಿದ್ದಳು. ಅವನು ಬೋರಲು ಮಲಗಿ ಫೋನು ನೋಡುತ್ತಿದ್ದ.

ಫೋನಿನಲ್ಲಿ ಏನಿಲ್ಲ ಹೇಳಿ. ಒಬ್ಬಳು ಹುಡುಗಿ, ಮುಖ ತುಂಬ ಮೊಡವೆ. ಸಣ್ಣ ಬಾಟಲಿಯಿಂದ ಏನೋ ಹನಿಸಿ ಹಚ್ಚಿಕೊಳ್ಳುತ್ತಾಳೆ, ತೊಳೆಯುತ್ತಾಳೆ, ನಾಲ್ಕು ದಿನದಲ್ಲಿ ಹಾವು ಪೊರೆ ಬಿಟ್ಟ ಹಾಗೆ ಚರ್ಮ ಕಳಚುತ್ತಾಳೆ, ಕೆಳಗೆ ಹೊಸ ಮುಖ. ಎಲ್ಲ ಅರ್ಧ ನಿಮಿಷದಲ್ಲಿ. ಪೀಲ್ ಎನ್ನುತ್ತಾರಂತೆ ಅದಕ್ಕೆ. ಪೇಟೆಯ ಚರ್ಮದ ಡಾಕ್ಟರು ಆಸ್ಪತ್ರೆಯಲ್ಲಿ ಕೂರಿಸಿ ಮಾಡುವ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಿ ಎಂದು ಬಾಟಲಿ ಮಾರುವವರೇ ಹಾಕಿದ ವಿಡಿಯೊ. ಪ್ರದೀಪ ತರಿಸಿದ. ನಾಲ್ಕನೆಯ ದಿನ ಕೊರಿಯರ್ ಬಂತು. ಬೆರಳುದ್ದದ ಕಂದು ಬಾಟಲಿ. ಮೇಲೆ ಆ್ಯಸಿಡ್ ಎಂದು, ಮೂವತ್ತು ಪರ್ಸೆಂಟು ಎಂದು, ಇರುವೆ ಸಾಲಿನಂಥ ಅಕ್ಷರದಲ್ಲಿ ತಜ್ಞರ ಬಳಕೆಗೆ ಮಾತ್ರ ಎಂದು ಬರೆದಿತ್ತು. ಇದನ್ನೆಲ್ಲ ನಾನು ಓದಿದ್ದು ಆಮೇಲೆ.

ಮೊದಲ ಸಲ ಅವನು ವಿಡಿಯೊದಲ್ಲಿ ಹೇಳಿದ ಹಾಗೆಯೇ ಮಾಡಿದ. ಒಂದು ನಿಮಿಷ ಎಣಿಸಿ ತೊಳೆದ. ಚುರುಚುರು ಎಂದಿತಂತೆ. ಮೂರನೆಯ ದಿನ ಮೂಗಿನ ಪಕ್ಕ, ಗದ್ದದ ಮೇಲೆ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತು. ನಿಜ ಹೇಳುತ್ತೇನೆ, ಮುಖ ಸ್ವಲ್ಪ ತಿಳಿಯಾಗಿತ್ತು. ದಂಡೆಯ ಮೇಲೆ ಓಡುತ್ತ ಬಂದು ನನ್ನೆದುರು ಮುಖ ಒಡ್ಡಿ ನಿಂತ. ಏಳು ವರ್ಷದಲ್ಲಿ ಅವನು ಯಾರೆದುರೂ ಹಾಗೆ ಮುಖ ಒಡ್ಡಿದ್ದನ್ನು ನಾನು ಕಂಡಿರಲಿಲ್ಲ.

"ಮಾಮಾ, ಇದು ಎಂತಾ ಗೊತ್ತದ್ಯಾ? ಬಾಟ್ಲಿಲಿ ತುಂಬಿದ ಸೊನೆ. ಮತ್ತೆಂತದೂ ಅಲ್ಲಾ."

ನನಗೆ ಕೂಡಲೇ ಅರ್ಥವಾಯಿತು. ನಮ್ಮ ಕಡೆಯವರಿಗೆ ಅರ್ಥವಾಗದಿದ್ದರೆ ಇನ್ನಾರಿಗೆ? ಮೇ ತಿಂಗಳಲ್ಲಿ ಇಶಾಡ ಮಾವು ಕೊಯ್ಯಲು ಮರ ಹತ್ತದ ಹುಡುಗ ನಮ್ಮೂರಲ್ಲಿಲ್ಲ. ತೊಟ್ಟು ಮುರಿದ ಕೂಡಲೇ ಚಿಮ್ಮುವ ಸೊನೆ ಮೈಗೆ ಹತ್ತಿದರೆ ಉರಿಯುತ್ತದೆ, ಕಪ್ಪಾಗುತ್ತದೆ, ವಾರದಲ್ಲಿ ಒಣಗಿ ಹಕ್ಕಳೆಯಾಗಿ ಬಿದ್ದುಹೋಗುತ್ತದೆ. ಕೆಳಗೆ ಎಳೆ ಚರ್ಮ. ಹಿಂದಿನ ವರ್ಷ ಪ್ರದೀಪನ ದವಡೆಗೆ ಸೊನೆ ಸಿಡಿದಿತ್ತು, ಆ ಜಾಗದ ಎರಡು ಮೊಡವೆ ಹಕ್ಕಳೆಯ ಜೊತೆಗೇ ಹೋಗಿದ್ದವು. ಅದು ಅವನ ತಲೆಯಲ್ಲಿ ಕೂತಿತ್ತು. ಬೆಂಗಳೂರಿನವನೋ ಬೆಳಗಾವಿಯವನೋ ಆಗಿದ್ದರೆ ಬಾಟಲಿಯ ಮೇಲಿನ ಒಂದು ನಿಮಿಷವನ್ನು ನಂಬುತ್ತಿದ್ದ. ಇವನು ಸೊನೆಯನ್ನು ಬಲ್ಲವನು.

"ಭಲೇ" ಎಂದೆ. "ನಡ್ಸು." ಅದೂ ನನ್ನದೇ ಮಾತು.

ಬೆಳಗಾವಿಗೆ ಇನ್ನು ಒಂಬತ್ತು ದಿನ ಉಳಿದಿತ್ತು. ಕೆನ್ನೆಯ ಗಂಟುಗಳು ಹಾಗೇ ಇದ್ದವು. ಅವನು ಎರಡನೆಯ ಸಲ ಹಚ್ಚಿಕೊಂಡ. ಆ ದಿನ ನಡೆದದ್ದನ್ನು ನಾನು ಕಂಡಿಲ್ಲ. ಅರ್ಧ ಅವನು ಹೇಳಿದ್ದು, ಅರ್ಧ ದೇವಿ ಹೇಳಿದ್ದು.

ಬೆಳಗಿನ ಹತ್ತು ಗಂಟೆ. ದೇವಿ ಅಂಗಳದಲ್ಲಿ ಕೂತು ಮುರುಗಲು ಹಣ್ಣು, ಪೇಟೆಯವರು ಕೋಕಂ ಎನ್ನುವುದು, ಒಡೆಯುತ್ತಿದ್ದಳು. ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಅದ್ದಿ ಒಣಗಿಸುವುದು ವಾಡಿಕೆ, ಹಾಗಾಗಿ ಪಕ್ಕದಲ್ಲಿ ಒಂದು ಬುಟ್ಟಿ ಸಿಪ್ಪೆ, ಒಂದು ಬೋಗುಣಿ ಕೆಂಪು ರಸ. ಪ್ರದೀಪ ಬಚ್ಚಲಿನಲ್ಲಿ ಕನ್ನಡಿ ಇಟ್ಟುಕೊಂಡು ಮುಖಕ್ಕೆಲ್ಲ ದಪ್ಪಗೆ ಹಚ್ಚಿದ. ಒಂದು ನಿಮಿಷವಾಯಿತು. ಉರಿ ಏರಿತು. ಮುಖದ ಮೇಲೆ ಬೆಳ್ಳಗೆ ಬೂದಿ ಹಿಡಿದ ಹಾಗೆ ಕಾಣತೊಡಗಿತು. ಬೆಳ್ಳಗಾದ ಕೂಡಲೇ ತೊಳೆಯಬೇಕು, ಅದು ಚರ್ಮ ಬೇಯುತ್ತಿರುವ ಗುರುತು ಎಂದು ಆಮೇಲೆ ಕಾರವಾರದ ಡಾಕ್ಟರು ಹೇಳಿದರು. ಇವನ ಲೆಕ್ಕ ಬೇರೆ. ಸೊನೆ ಕಪ್ಪಾಗದೆ ಹಕ್ಕಳೆ ಕಟ್ಟುವುದಿಲ್ಲ, ಹಕ್ಕಳೆ ಕಟ್ಟದೆ ಮೊಡವೆ ಬೇರಿನಿಂದ ಹೋಗುವುದಿಲ್ಲ. ಬೆಳ್ಳಗೆ ಎಂದರೆ ಇನ್ನೂ ಆಗಿಲ್ಲ ಎಂದೇ ತಿಳಿದ. ಹಲ್ಲು ಕಚ್ಚಿ ಕೂತ. ಮೈಲಿಗಟ್ಟಲೆ ಓಡುವಾಗ ನೋವು ತಡೆಯುವುದು ಹೇಗೆಂದು ನಾನೇ ಕಲಿಸಿದ್ದೆ, ನೂರರಿಂದ ಹಿಂದಕ್ಕೆ ಎಣಿಸು ಎಂದು. ಎಂಟೊಂಬತ್ತು ಸಲ ಎಣಿಸಿದನಂತೆ.

ಕಡೆಗೆ ಅವನು ಕೂಗಿದ. ಕಲ್ಲಿನ ಯಂತ್ರದ ಸದ್ದು ಕೇಳಿ ಕಿವಿ ಹೋದ ಮಾದು ಆ ದಿನ ಮನೆಯಲ್ಲಿದ್ದಿದ್ದರೆ ಅವನಿಗೂ ಕೇಳಿಸುತ್ತಿತ್ತು ಎಂದು ದೇವಿ ಹೇಳುತ್ತಾಳೆ. ಅವಳು ಓಡಿ ಬಂದಳು. ಮಗನ ಮುಖ ನೋಡಿದಳು. ಏನು ಹಚ್ಚಿಕೊಂಡೆ ಎಂದು ಕೇಳಿದರೆ ಅವನ ಬಾಯಿಂದ ಬಂದದ್ದು ಒಂದೇ ಶಬ್ದ, ಸೊನೆ.

ಮೈಯಲ್ಲಿ ಗಂಧೆ ಎದ್ದರೆ, ಬೆವರುಸಾಲೆ ಉರಿದರೆ, ಸೊನೆ ಹತ್ತಿದರೆ, ನಮ್ಮ ಮನೆಗಳಲ್ಲಿ ಹೆಂಗಸರ ಕೈ ಮೊದಲು ಹೋಗುವುದು ಮುರುಗಲಿಗೆ. ಅದು ತಂಪು. ದೇವಿಯ ಅವ್ವ ಹಾಗೆ ಮಾಡಿದ್ದಳು, ಅವಳ ಅವ್ವನೂ ಹಾಗೇ. ದೇವಿ ಬೋಗುಣಿಯನ್ನೇ ತಂದಳು. ಬಟ್ಟೆಯನ್ನು ಆ ಹುಳಿರಸದಲ್ಲಿ ಅದ್ದಿ ಮಗನ ಮುಖಕ್ಕೆ ಹೊದಿಸಿದಳು. ಬಾವಿ ನೀರು ಹತ್ತು ಹೆಜ್ಜೆ ದೂರದಲ್ಲಿತ್ತು. ಅವನು ಕಿತ್ತೆಸೆಯಲು ಹೋದಾಗ ಎರಡೂ ಕೈ ಹಿಡಿದು ಗೋಡೆಗೆ ಒತ್ತಿದಳು.

"ತಡ್ಕಾ ತಮಾ. ಉರಿದ್ರೇ ವಾಸಿ ಆಗೂದು. ಇನ್ನೊಂದ್ ಚೂರು, ನನ್ನ ರಾಜಾ, ಇನ್ನೊಂದ್ ಚೂರು ತಡ್ಕಾ."

ಮಾದು ಸಂಜೆ ಬಂದು ನೋಡಿ, ಸೊನೆಯಾದರೆ ವಾರದಲ್ಲಿ ಬೀಳುತ್ತದೆ ಎಂದು ಹೊರಗೆ ಹೋಗಿ ಕೂತ. ಅಕ್ಕಪಕ್ಕದವರು ಬಂದು ಕೇಳಿದರು. ಗಂಡು ಹುಡುಗ ಚೆಂದವಾಗಲೆಂದು ಮುಖಕ್ಕೆ ಏನೋ ಹಚ್ಚಿಕೊಂಡ ಎಂದು ಯಾರ ಹತ್ತಿರ ಹೇಳುವುದು? ಮರ ಹತ್ತಿದ್ದ, ಸೊನೆ ಸಿಡಿಯಿತು ಎಂದರು. ಎಲ್ಲರೂ ನಂಬಿದರು. ನಂಬದೆ ಇರಲು ಕಾರಣವಿರಲಿಲ್ಲ. ಇನ್ನಷ್ಟು ಮುರುಗಲು ಹಾಕು ಎಂದು ಹೇಳಿಹೋದವರೂ ಇದ್ದರು. ದೇವಿ ಎರಡು ದಿನ ಹಾಕಿದಳು.

ಎರಡು ದಿನ ಓಟಕ್ಕೆ ಬಾರದವನನ್ನು ಬೈಯಲೆಂದೇ ಮೂರನೆಯ ದಿನ ನಾನು ಅವರ ಮನೆಗೆ ಹೋದೆ. ಬೈಗುಳ ನಾಲಿಗೆಯ ತುದಿಯಲ್ಲಿತ್ತು. ಚಾಪೆಯ ಮೇಲೆ ಕೂತಿದ್ದ ಅವನು ಮುಖ ಮುಚ್ಚಿದ್ದ ಪಂಜಿ ಬಟ್ಟೆ ತೆಗೆದ. ನಾನು ಗಡಿಯಲ್ಲಿ ಗಾಯ ಕಂಡವನು, ಆದರೂ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಎಡಗಣ್ಣು ಮುಚ್ಚಿಹೋಗಿತ್ತು. ಕೆನ್ನೆಯ ಮೇಲೆ ಕಪ್ಪು ಪದರ ಬಿರಿದು ಸಂದಿಯಿಂದ ಕೀವು ಇಳಿಯುತ್ತಿತ್ತು. ವಾಸನೆ ಬರುತ್ತಿತ್ತು.

"ಕಪ್ಪಾಗಿದೆ ಮಾಮಾ. ಇನ್ನ್ ಬೀಳ್ತದೆ ಅಲ್ದಾ?" ಎಂದ.

ಬೈಕಿಗೆ ಹತ್ತಿಸಿಕೊಂಡು ಹೆದ್ದಾರಿಗೆ ಬಂದು, ಅಲ್ಲಿಂದ ಪರಿಚಯದವರ ಕಾರಿನಲ್ಲಿ ಕಾರವಾರಕ್ಕೆ ಕರೆದೊಯ್ದೆ. ದೇವಿಯೂ ಬಂದಳು. ಕೋಡಿಬಾಗದಲ್ಲಿ ಚರ್ಮದ ಡಾಕ್ಟರೊಬ್ಬರಿದ್ದಾರೆ, ಹೆಂಗಸು, ಮಾತು ಖಡಕ್ಕು. ಬಾಟಲಿ ನೋಡಿದರು, ಮುಖ ನೋಡಿದರು.

"ಎಷ್ಟು ಹೊತ್ತು ಇಟ್ಟುಕೊಂಡಿದ್ದೆ?"

"ಕಪ್ಪಾಗೂವರೆಗೆ."

ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ನಮ್ಮ ಬಣ್ಣದ ಚರ್ಮಕ್ಕೆ ಇದನ್ನು ನಾವೇ ಹೆದರಿ ಹೆದರಿ ಹಚ್ಚುತ್ತೇವೆ, ಅದೂ ಇಷ್ಟು ಗಟ್ಟಿಯದನ್ನಲ್ಲ, ಹಸಿ ಮೊಡವೆ ಇರುವಾಗಂತೂ ಅಲ್ಲ ಎಂದರು. ಆಮೇಲೆ ಏನು ಹಾಕಿದಿರಿ ಎಂದು ಕೇಳಿದರು. ದೇವಿ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು, ತಡಮಾಡದೆ ಮದ್ದು ಮಾಡಿದೆನೆಂದು.

"ಆ್ಯಸಿಡ್ ಮೇಲೆ ಹುಳಿ ಹಾಕಿದ್ರಾ ಅಮ್ಮಾ? ಬರೀ ನೀರು ಸಾಕಿತ್ತಲ್ಲ. ಎರಡು ಕೊಡ ತಣ್ಣೀರು ಹೊಯ್ದಿದ್ರೆ ಅರ್ಧ ಮುಖ ಉಳೀತಿತ್ತು."

ಅವರು ನಿಜವನ್ನೇ ಹೇಳಿದರು. ಆದರೆ ಕೆಲವು ನಿಜಗಳನ್ನು ತಾಯಂದಿರ ಎದುರು ಹೇಳಬಾರದು. ದೇವಿ ತನ್ನ ಎರಡೂ ಅಂಗೈ ತಿರುವಿ ನೋಡಿಕೊಂಡಳು. ಮುರುಗಲಿನ ಬಣ್ಣ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ಆ ದಿನದಿಂದ ಅವರ ಮನೆಯ ಸಾರಿಗೆ ಮುರುಗಲು ಬಿದ್ದಿಲ್ಲ.

ಬೆಳಗಾವಿಗೆ ಹೋಗುವುದು ಬೇಡ ಎಂದು ನಾನು ಹೇಳಿದೆ. ಪ್ರದೀಪ ಕೇಳಲಿಲ್ಲ. ಕೀವು ನಿಂತಿತ್ತು, ಕಣ್ಣು ಬಿಡಲು ಬರುತ್ತಿತ್ತು, ಆದರೆ ಎಡಗಣ್ಣಿನ ಕೆಳರೆಪ್ಪೆಯನ್ನು ಗಾಯ ಕೆಳಗೆ ಎಳೆದು ಒಳಗಿನ ಕೆಂಪು ಕಾಣುತ್ತಿತ್ತು. ಮೊಡವೆ ಹೋಯಿತಲ್ಲ ಮಾಮಾ, ಅದಕ್ಕೇ ಅಲ್ಲವೇ ನನ್ನನ್ನು ಹೊರಗಿಟ್ಟದ್ದು, ಗಾಯ ಹೇಗೂ ಮಾಯುತ್ತದೆ ಎಂದ. ಜೊತೆಗೆ ಹೋದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಮಗುವೊಂದು ಅವನನ್ನು ನೋಡಿ ಅಳತೊಡಗಿತು, ತಾಯಿ ಅದರ ಮುಖ ತಿರುಗಿಸಿಕೊಂಡಳು. ಅವನು ಪಂಜಿ ಸುತ್ತಿಕೊಂಡ.

ಮಿಲಿಟರಿ ಆಸ್ಪತ್ರೆಯ ಒಳಗೆ ನನ್ನನ್ನು ಬಿಡಲಿಲ್ಲ. ಒಂದು ತಾಸಿನ ನಂತರ ಅವನು ಹೊರಗೆ ಬಂದು, "ಅನ್‌ಫಿಟ್, ಕಾಯಂ" ಎಂದಷ್ಟೇ ಹೇಳಿ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಆವತ್ತು ಅವನ ನಡಿಗೆಯಲ್ಲಿ ಕಂಡಿತು. ಓಡುವವನು ಕಾಲೆಳೆದು ನಡೆಯುತ್ತಿದ್ದ.

ಹಿಂದಿರುಗುವ ಬಸ್ಸಿನಲ್ಲಿ ಕಾಗದ ಕೊಡು ಎಂದೆ. ಅವನು ಕೊಡಲಿಲ್ಲ. ಮತ್ತೆ ಕೇಳಿದೆ. ಘಟ್ಟ ಇಳಿಯುವಾಗ ಅವನಿಗೆ ನಿದ್ದೆ ಹತ್ತಿತು, ನಾನು ಕಿಸೆಯಿಂದ ಮೆಲ್ಲಗೆ ತೆಗೆದೆ. ಹೊಸ ಕಾಗದದ ಹಿಂದೆ ಕಾರವಾರದ ಹಳೆಯ ಚೀಟಿಯನ್ನೂ ಪಿನ್ನು ಮಾಡಿದ್ದರು. ಈ ಸಲ ಕನ್ನಡಕ ಹಾಕಿಕೊಂಡು ಓದಿದೆ. ಹಳೆಯ ಚೀಟಿಯಲ್ಲಿ ಮೊಡವೆ ಎಂಬ ಶಬ್ದದ ಮುಂದೆ ಇನ್ನೊಂದು ಸಾಲಿತ್ತು. ಬೆನ್ನು ಮತ್ತು ಎರಡೂ ಭುಜ. ಮುಖದ ಹೆಸರೇ ಇರಲಿಲ್ಲ. ಹೊಸ ಕಾಗದದಲ್ಲಿ ಎರಡು ಕಲಮು. ಒಂದು, ಬೆನ್ನು ಮತ್ತು ಭುಜದ ಮೊಡವೆ ಇಳಿದಿದೆ, ಈಗ ಅಡ್ಡಿಯಿಲ್ಲ. ಎರಡು, ಮುಖದಲ್ಲಿ ರಾಸಾಯನಿಕ ಸುಟ್ಟಗಾಯ, ಎಡರೆಪ್ಪೆ ಎಳೆದಿದೆ, ಕಾಯಂ ಅನರ್ಹ.

ಸಿಪಾಯಿಯ ಬೆನ್ನ ಮೇಲೆ ಪಿಟ್ಟು, ಅಂದರೆ ಸಾಮಾನಿನ ಚೀಲ, ಕೂರುತ್ತದೆ. ಇಪ್ಪತ್ತು, ಇಪ್ಪತ್ತೈದು ಕಿಲೋ. ಅದರ ಪಟ್ಟಿ ಭುಜವನ್ನು ತಿಕ್ಕುತ್ತದೆ. ಅಲ್ಲಿ ಗಂಟು ಗುಳ್ಳೆಗಳಿದ್ದರೆ ಒಡೆದು ಹುಣ್ಣಾಗುತ್ತದೆ, ಆದ್ದರಿಂದ ಬೆನ್ನು ನೋಡುತ್ತಾರೆ. ಇದು ಗೊತ್ತಿರಬೇಕಾದವನು ಊರಿನಲ್ಲಿ ಒಬ್ಬನೇ ಇದ್ದ. ಇಪ್ಪತ್ತನಾಲ್ಕು ವರ್ಷ ಆ ಪಟ್ಟಿ ಹೊತ್ತ ಗುರುತು ನನ್ನ ಭುಜದ ಮೇಲೆ ಇವತ್ತಿಗೂ ಇದೆ. ಮುಖ ನೋಡಿ ಮಣೆ ಹಾಕುವ ಜನರನ್ನು ನಾನು ಜೀವಮಾನವಿಡೀ ಬೈದಿದ್ದೇನೆ. ಆ ದಿನ ಗೇಟಿನಲ್ಲಿ ನಾನು ಚೀಟಿ ಓದಲಿಲ್ಲ, ಹುಡುಗನ ಮುಖ ಓದಿದೆ.

ಪ್ರದೀಪ ಎಚ್ಚರವಾಗಿದ್ದ. ಯಾವಾಗಿನಿಂದಲೋ ನನ್ನನ್ನೇ ನೋಡುತ್ತಿದ್ದ.

"ಒಳಗೆ ಹೇಳ್ದ್ರು ಮಾಮಾ. ಮುಖ ಎಂತಕೆ ಸುಟ್ಕಂಡೆ, ಮುಖದ್ದು ನಿಂಗೆ ಯಾರು ಹೇಳಿದ್ರು ಅಂತ ಕೇಳ್ದ್ರು."

"ನಂಗೆ ಎಂತಕೆ ಹೇಳ್ಲಿಲ್ಲಾ?"

"ಹೇಳಿ ಎಂತಾ ಮಾಡೂದು?" ಎಂದು ಕಿಟಕಿಯ ಕಡೆ ತಿರುಗಿದ. "ಅಬ್ಬೆಗೆ ಹೇಳೂಕೆ ಹೋಗಬೇಡಿ."

ಅವನು ಯಾಕೆ ಹೇಳಬೇಡಿ ಎಂದನೋ ನಾನು ಕೇಳಲಿಲ್ಲ. ಕೇಳದೆ ಇರುವುದು ನನಗೆ ಅನುಕೂಲವಾಗಿತ್ತು. ಹುಡುಗನೇ ಬೇಡವೆಂದನಲ್ಲ ಎಂಬ ನೆಪ ಹಿಡಿದು ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ದಂಡೆಗೆ ಹೋಗುವುದನ್ನು ಬಿಟ್ಟೆ. ಮೊಣಕಾಲು ನೋವು ಎಂದು ಹುಡುಗರಿಗೆ ಹೇಳಿದೆ. ಪ್ರದೀಪ ಎರಡು ತಿಂಗಳು ಕತ್ತಲು ಕೋಣೆಯಲ್ಲಿ ಬಿದ್ದಿದ್ದು, ಆಮೇಲೆ ಎದ್ದು ಡ್ರೈವಿಂಗ್ ಲೈಸೆನ್ಸು ಮಾಡಿಸಿದ. ಸದಾಶಿವಗಡದ ಮಂಗೇಶ ಎಂಬವನು ತನ್ನ ಟೆಂಪೊ ಕೊಟ್ಟ. ಮೀನಿಗೆ ಮುಖ ಬೇಕಾಗಿಲ್ಲ ಎಂದು ಹೇಳಿದನಂತೆ, ತಮಾಷೆಗೆ. ಪ್ರದೀಪ ಆ ಮಾತನ್ನು ನನಗೆ ನಗುತ್ತಲೇ ಹೇಳಿದ. ಈ ಸಲ ಅವನು ನಕ್ಕನೆಂದು ನನಗೆ ಸಮಾಧಾನವಾಗಲಿಲ್ಲ. ಅವನು ಅಲ್ಲಿಯೇ ಕೋಣೆ ಹಿಡಿದಿದ್ದಾನೆ, ಶೆಟಗೇರಿಗೆ ಬರುವುದು ಹದಿನೈದು ದಿನಕ್ಕೊಮ್ಮೆ.

ದೇವಿ ಬದಲಾದಳು. ಪೇಟೆಯಲ್ಲಿ ಮೊದಲು ಗಿರಾಕಿಗಳ ಜೊತೆ ಜಗಳವಾಡಿ ಬದನೆ ಮಾರುತ್ತಿದ್ದವಳು ಕೇಳಿದ ದರಕ್ಕೆ ಕೊಟ್ಟು ಏಳುತ್ತಿದ್ದಳು. ಮಾದು ಒಂದು ದಿನ ಕುಡಿದು ಬಂದು, ನನ್ನ ಮಗನ ಮುಖ ಬೇಯಿಸಿದವಳು ನೀನು ಎಂದನಂತೆ. ಜೀವಮಾನದಲ್ಲಿ ನಾಲ್ಕು ಮಾತಾಡದವನು ಆಡಿದ ಮಾತು ಅದು. ನಾನು ಎದುರು ಸಿಕ್ಕಾಗಲೆಲ್ಲ ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು. ಮುರುಗಲು ಹಾಕದೆ ಇದ್ದಿದ್ದರೆ ಬೆಳಗಾವಿಯಲ್ಲಿ ಪಾಸಾಗುತ್ತಿದ್ದನೇ? ಹೇಗೆ ಹೇಳಲಿಕ್ಕಾಗುತ್ತದೆ ದೇವಿ, ಎಂದು ನಾನು ಜಾರಿಕೊಳ್ಳುತ್ತಿದ್ದೆ. ಗಡಿಯಲ್ಲಿ ಗುಂಡಿಗೆ ಎದೆಯೊಡ್ಡಿದೆ ಎಂದು ಹುಡುಗರಿಗೆ ಬಡಾಯಿ ಕೊಚ್ಚಿದವನು ಒಬ್ಬಳು ಬದನೆ ಮಾರುವ ಹೆಂಗಸಿಗೆ ಹೆದರಿ ಪೇಟೆಯ ಇನ್ನೊಂದು ದಾರಿ ಹಿಡಿದೆ.

ಈ ಮೇ ತಿಂಗಳು, ಹೋದ ಭಾನುವಾರ, ಅವರ ಮನೆಗೆ ಹೋದೆ. ದೇವಿ ಒಬ್ಬಳೇ ಜಗಲಿಯ ಮೇಲಿದ್ದಳು. ಹಿತ್ತಿಲಿನ ಮುರುಗಲು ಮರದ ಕೆಳಗೆ ಹಣ್ಣು ಬಿದ್ದು ಕೊಳೆತು ನೊಣ ಮುತ್ತಿದ್ದವು, ಯಾರೂ ಹೆಕ್ಕಿರಲಿಲ್ಲ. ಕೂತುಕೊಳ್ಳಿ ಅಣ್ಣಾ ಎಂದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಚೀಟಿಯಲ್ಲಿ ಬರೆದಿದ್ದು ಬೆನ್ನು ಎಂದು, ಮುಖವಲ್ಲ ಎಂದು, ಮುಖ ಎಂದವನು ನಾನು ಎಂದು. ನಿನ್ನ ಮುರುಗಲು ಇದ್ದರೂ ಇಲ್ಲದಿದ್ದರೂ ಅವನು ಆ ಬಾಟಲಿ ಮುಟ್ಟಬೇಕಾದ ಕೆಲಸವೇ ಇರಲಿಲ್ಲ ಎಂದು.

ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಆಸೆಪಟ್ಟೆ.

"ಹಂಗಾದ್ರೆ ಬೆನ್ನು?" ಎಂದಳು ಕಡೆಗೆ. "ಅವ್ನ ಬೆನ್ನು ನೋಡಿದ್ರಾ ಬೆಳಗಾವಿಲಿ?"

"ನೋಡಿದ್ರು. ಬೆನ್ನು ಪಾಸಾಗಿತ್ತು ದೇವಿ. ಚೊಕ್ಕ ಆಗಿತ್ತು."

"ನಾ ದಿನಾ ಮುಲಾಮು ತಿಕ್ಕಿದ್ದೆ" ಎಂದಳು. ಯಾರಿಗೋ ನೆನಪು ಮಾಡಿಕೊಡುವವಳ ಹಾಗೆ ಇನ್ನೊಮ್ಮೆ ಅಂದಳು, "ನಾನೇ ತಿಕ್ಕಿದ್ದೆ."

ಆಮೇಲೆ ಎದ್ದಳು. ಒಳಗೆ ಹೋಗುವ ಮೊದಲು ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಈ ವಾರ ನಿದ್ದೆ ಮಾಡುತ್ತಿದ್ದೆ.

"ನಂಗೆ ಓದೂಕೆ ಬತ್ತಿಲ್ಲಾ. ಅವ್ನ ಅಪ್ಪಂಗೂ ಬತ್ತಿಲ್ಲಾ. ನಿಮಗೆ ಬತ್ತದಲ್ಲಾ ಅಣ್ಣಾ, ಅದ್ಕೇ ಅಲ್ವಾ ಅವ ಚೀಟಿ ನಿಮ್ಮ ಕೈಗೆ ಕೊಟ್ಟದ್ದು."